ನಕ್ಷೆಯ ಟೈಲ್ ನಿರ್ದೇಶಾಂಕ
ವೆಬ್ ನಕ್ಷೆಯ ಟೈಲ್ ಸಂಖ್ಯೆಯಿಂದ ಅದು ತೋರಿಸುವ ನೆಲದ ಅಕ್ಷಾಂಶ, ರೇಖಾಂಶಗಳನ್ನು ಪ್ರೋಗ್ರಾಂ ಬರೆದು ಲೆಕ್ಕಹಾಕುವ ಕ್ರಮ. ಓಪನ್‌ಸ್ಟ್ರೀಟ್‌ಮ್ಯಾಪ್‌ನಂಥ ನಕ್ಷೆಗಳು ಭೂಮಿಯನ್ನು ವೆಬ್ ಮರ್ಕೇಟರ್ ಪ್ರಕ್ಷೇಪದಲ್ಲಿ ಚೌಕವಾಗಿ ಹಾಸಿ, ಸಾಮಾನ್ಯವಾಗಿ 256 ಪಿಕ್ಸೆಲ್ ಅಗಲದ ಚೌಕಗಳಾಗಿ ಕತ್ತರಿಸುತ್ತವೆ. ಇವೇ ಟೈಲ್‌ಗಳು. ಝೂಮ್ ಒಂದು ಹಂತ ಏರಿದರೆ ಒಂದು ಟೈಲ್ ನಾಲ್ಕಾಗುತ್ತದೆ. 10ನೇ ಹಂತದಲ್ಲಿ ಅಡ್ಡಕ್ಕೆ 1,024, ಉದ್ದಕ್ಕೂ ಅಷ್ಟೇ.

ಚಿತ್ರದುರ್ಗ–ಹಿರಿಯೂರು ಹೆದ್ದಾರಿಯ ಐಮಂಗಲ ಈ ಹಂತದಲ್ಲಿ ಬರುವುದು ಎಕ್ಸ್ 729, ವೈ 471ರ ಟೈಲ್‌ನಲ್ಲಿ; ಎಕ್ಸನ್ನು ಪಶ್ಚಿಮದ ಅಂಚಿನಿಂದ, ವೈಯನ್ನು ಮೇಲಿನ ಅಂಚಿನಿಂದ, ಎರಡನ್ನೂ ಸೊನ್ನೆಯಿಂದ ಎಣಿಸುತ್ತಾರೆ. ರೇಖಾಂಶ ಸುಲಭ: 729ನ್ನು 360ರಿಂದ ಗುಣಿಸಿ, 1,024ರಿಂದ ಭಾಗಿಸಿ, 180 ಕಳೆದರೆ ಪಶ್ಚಿಮದ ಅಂಚು, 76.289 ಡಿಗ್ರಿ. ಅಕ್ಷಾಂಶ ಅಷ್ಟು ಸಲೀಸಲ್ಲ, ಮರ್ಕೇಟರ್ ಧ್ರುವಗಳತ್ತ ಹಿಗ್ಗುತ್ತ ಹೋಗುತ್ತದೆ. ವೈಯ ಇಮ್ಮಡಿಯನ್ನು 1,024ರಿಂದ ಭಾಗಿಸಿ 1ರಿಂದ ಕಳೆದು, ಪೈಯಿಂದ ಗುಣಿಸಬೇಕು. ಅದರ ಹೈಪರ್ಬಾಲಿಕ್ ಸೈನ್‌ಗೆ ವಿಲೋಮ ಟ್ಯಾಂಜೆಂಟ್ ತೆಗೆದು, ರೇಡಿಯನ್ನನ್ನು ಡಿಗ್ರಿಗೆ ತಿರುಗಿಸಿದರೆ ಉತ್ತರದ ಅಂಚು 14.264. ಸುಮಾರು 38 ಕಿ.ಮೀ. ಅಗಲದ ಈ ಚೌಕದಲ್ಲಿ ಚಿತ್ರದುರ್ಗ, ಹಿರಿಯೂರು ಎರಡೂ ಹಿಡಿಯುತ್ತವೆ. ವಾಣಿವಿಲಾಸ ಸಾಗರದ ಅಣೆಕಟ್ಟು ಮಾತ್ರ ಕೆಳಗಿನ ಟೈಲ್‌ಗೆ ಜಾರುತ್ತದೆ.

ಟೈಲ್‌ಗಳನ್ನು ಎಣಿಸುವ ಇನ್ನೊಂದು ಪದ್ಧತಿಯಾದ ಟಿಎಂಎಸ್ ವೈಯನ್ನು ಕೆಳಗಿನಿಂದ ಎಣಿಸುವುದರಿಂದ ಅಲ್ಲಿ ಇದೇ ಟೈಲ್ 552. ಇದನ್ನು ಮರೆತು 552ನ್ನೇ ಮೇಲಿನ ಸೂತ್ರಕ್ಕೆ ಹಾಕಿದರೆ ಐಮಂಗಲ ಹಿಂದೂ ಮಹಾಸಾಗರದ ನಡುವೆ ಬೀಳುತ್ತದೆ.