ದುಡಿಯುವವನ ಅಳಲಿಗೆ ಕಿವಿಯಾದವರು

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಮೊದಲಾದ ಶರಣರು ತಮ್ಮ ಕಸುಬಿನ ಹೆಸರಿನಿಂದಲೇ ಗೌರವಿಸಲ್ಪಟ್ಟರು. ಅನುಭಾವದ ಮಾತಿನಲ್ಲಿ ಮೈಮರೆತ ಮಾರಯ್ಯನನ್ನು ಮಡದಿ ಆಯ್ದಕ್ಕಿ ಲಕ್ಕಮ್ಮ ಕಾಯಕಕ್ಕೆ ಎಚ್ಚರಿಸಿದಳೆಂದು ಪರಂಪರೆ ಹೇಳುತ್ತದೆ. ದೈವಚಿಂತನೆಗೂ ದುಡಿಮೆಗೂ ನಡುವೆ ಗೋಡೆಯಿರಬಾರದೆಂಬುದೇ ಅವರ ನಿಲುವು.

ಕಾರ್ಖಾನೆಗಳ ಯುಗದಲ್ಲಿ ಆ ಗೋಡೆ ಎದ್ದಿತು. 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಾಸೆಲ್ ಮಿಶನ್, ಕ್ರೈಸ್ತರಾಗಿ ಜೀವನೋಪಾಯ ಕಳೆದುಕೊಂಡವರಿಗೆ ಅನ್ನದ ದಾರಿ ತೋರಿತು. ಆದರೆ ಉಪದೇಶಿಸುವ ಸಂಸ್ಥೆಯೇ ಕೂಲಿಯನ್ನೂ ಕೊಡುವಾಗ ಕಾರ್ಮಿಕನು ತನ್ನ ದೂರನ್ನು ಯಾರಲ್ಲಿ ಹೇಳಿಕೊಳ್ಳಬೇಕು? ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಬಿಷಪ್ ಲೆಸ್ಲಿ ಹಂಟರ್ 1944ರಲ್ಲಿ ಟೆಡ್ ವಿಕ್‌ಹ್ಯಾಮ್ ಎಂಬ ಗುರುವನ್ನು ಉಕ್ಕಿನ ಕಾರ್ಖಾನೆಗಳ ಸೇವೆಗೆ ನೇಮಿಸಿದರು. ಅವರು ಧರ್ಮಸಭೆ ಕಳುಹಿಸಿದವರು, ಯಜಮಾನರ ನೌಕರರಲ್ಲ. ಬಿಡುವಿನ ವೇಳೆಯಲ್ಲಿ ಕುಲುಮೆಗಳ ಬಳಿ ಕಾರ್ಮಿಕರೊಡನೆ ಕುಳಿತು ಮಾತುಕತೆ ನಡೆಸಿದರು. ಈ ಮಾದರಿಯನ್ನು ಅನೇಕ ದೇಶಗಳ ಸಭೆಗಳು ಅನುಸರಿಸಿದವು.

ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಭಾನುವಾರದ ಪ್ರಬೋಧನೆಯಷ್ಟೇ ಸಾಲದು. ಯಜಮಾನನ ಹಂಗಿಲ್ಲದೆ ಆಲಿಸಿ, ಕೇಳಿದ್ದನ್ನು ಗುಟ್ಟಾಗಿ ಕಾಯುವ ಒಬ್ಬರು ಅವನಿಗೆ ಬೇಕು. ಗುರುಗಳೊಬ್ಬರೇ ಈ ಹೊಣೆ ಹೊರಲಾರರು. ದೇವಾಲಯದಲ್ಲಿ ಅವನ ಪಕ್ಕದಲ್ಲೇ ಮೊಣಕಾಲೂರುವ ನಾವೂ ಅದಕ್ಕೆ ಹೆಗಲು ಕೊಡಬೇಡವೇ?