ಹಳೆಯ ಕಾರು ಮತ್ತು ನಿಂಬೆಹಣ್ಣಿನ ಅರ್ಥಶಾಸ್ತ್ರ

ಪದೇ ಪದೇ ಕೈಕೊಡುತ್ತಿರುವ ಕಾರನ್ನು ಕೊಟ್ಟು, ಅದಕ್ಕಿಂತ ಹಳೆಯದಾದ, ಲಕ್ಷ ಕಿಲೋಮೀಟರ್ ದಾಟಿ ಓಡಿದ, ಆದರೆ 'ಗಟ್ಟಿಮುಟ್ಟಾಗಿದೆ' ಎನ್ನಲಾದ ಇನ್ನೊಂದನ್ನು ತೆಗೆದುಕೊಳ್ಳಬಹುದೆ? ಇಂಥ ಪ್ರಶ್ನೆ ಎದುರಾದವರು ಸಾಮಾನ್ಯವಾಗಿ ಮೊದಲು ನೋಡುವುದು ಮೀಟರನ್ನು. ಮನಸ್ಸಿನಲ್ಲಿ ಕೊರೆಯುವ ಅನುಮಾನ ಮಾತ್ರ ಬೇರೆ. ಅಷ್ಟು ಚೆನ್ನಾಗಿದ್ದರೆ ಮಾಲೀಕ ಅದನ್ನು ಬಿಟ್ಟುಕೊಡುತ್ತಿರುವುದೇಕೆ? ಈ ಅನುಮಾನಕ್ಕೆ ಸಿದ್ಧಾಂತದ ರೂಪ ಕೊಟ್ಟವರು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್.

1966-67ರಲ್ಲಿ ಅವರು ಬರ್ಕಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಆಗಷ್ಟೇ ಸೇರಿದ್ದ ಯುವ ಅಧ್ಯಾಪಕ. ಹೊಸ ಕಾರುಗಳ ಮಾರಾಟ ಏಕೆ ಅಷ್ಟೊಂದು ಏರಿಳಿಯುತ್ತದೆಂದು ಹುಡುಕಹೊರಟವರು, ಜನ ಹಳೆಯ ಕಾರಿಗೆ ಏಕೆ ಹಿಂಜರಿಯುತ್ತಾರೆ ಎಂಬಲ್ಲಿಗೆ ಬಂದು ನಿಂತರು. ಅಮೆರಿಕದ ಆಡುಮಾತಿನಲ್ಲಿ ಕೆಟ್ಟ ಕಾರಿಗೆ 'ಲೆಮನ್' ಎನ್ನುತ್ತಾರೆ. ನಮ್ಮಲ್ಲಿ ಗಾಡಿಗೆ ಕೆಡುಕಾಗದಿರಲೆಂದು ಚಕ್ರದಡಿ ಇಡುವ ನಿಂಬೆಹಣ್ಣು ಅಲ್ಲಿ ಗಾಡಿಗೇ ಬೈಗುಳ!

ಅಕರ್ಲಾಫರ ತರ್ಕ ಸರಳ. ಒಳ್ಳೆಯ ಹಳೆಯ ಕಾರಿನ ಬೆಲೆ ಐವತ್ತು ಸಾವಿರ, ಕೆಟ್ಟದ್ದರ ಬೆಲೆ ಇಪ್ಪತ್ತು ಸಾವಿರ ಎಂದುಕೊಳ್ಳೋಣ. ಯಾವುದು ಯಾವುದೆಂದು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ನಡುವಿನ ಮೂವತ್ತೈದು ಸಾವಿರ ಕೊಡಲು ಮುಂದಾಗುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲೊಲ್ಲ. ಕೆಟ್ಟದ್ದರ ಮಾಲೀಕ ಓಡಿ ಬರುತ್ತಾನೆ. ಪೇಟೆಯಲ್ಲಿ ಉಳಿಯುವುದು ನಿಂಬೆಹಣ್ಣುಗಳೇ ಎಂದು ತಿಳಿದಾಗ ಬೆಲೆ ಮತ್ತೂ ಕುಸಿಯುತ್ತದೆ. ಕಾರಿಗೆ ಕಾರು ಅದಲು ಬದಲು ಮಾಡುವಾಗಲಂತೂ ಇಬ್ಬರೂ ಮಾರುವವರೇ. ತಮ್ಮ ಗಾಡಿಯ ಗುಟ್ಟು ಬಲ್ಲವರು, ಎದುರಿನದರ ಗುಟ್ಟು ಅರಿಯದವರು.

1967ರಲ್ಲಿ ಪ್ರಬಂಧವನ್ನು ಪತ್ರಿಕೆಯೊಂದಕ್ಕೆ ಕಳಿಸಿ ಅಕರ್ಲಾಫ್ ಒಂದು ವರ್ಷಕ್ಕೆ ಭಾರತಕ್ಕೆ ಬಂದರು. ಮೊದಲ ತಿರಸ್ಕಾರದ ಪತ್ರ ಅವರನ್ನು ತಲುಪಿದ್ದು ಇಲ್ಲಿಯೇ. ಒಟ್ಟು ಮೂರು ಪತ್ರಿಕೆಗಳು ಬೇಡವೆಂದ ಮೇಲೆ 1970ರಲ್ಲಿ ನಾಲ್ಕನೆಯದು ಪ್ರಕಟಿಸಿತು. ಅಕ್ಕಿಗೆ ಬೇಕೆಂದೇ ಬೆರೆಸಿದ ಕಲ್ಲನ್ನು ಆರಿಸುತ್ತ ಕೂರುವ ಭಾರತದ ಗೃಹಿಣಿಯ ಉದಾಹರಣೆಯೂ ಆ ಪ್ರಬಂಧದಲ್ಲಿದೆ.

ಅವರು ಕಂಡ ಭಾರತದಲ್ಲಿ ಕಾರಿನ ಪೇಟೆ ಮಾತ್ರ ಈ ತರ್ಕಕ್ಕೆ ಪೂರ್ತಿ ಒಗ್ಗುವಂತಿರಲಿಲ್ಲ. ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್ ಬಿಟ್ಟರೆ ಬೇರೆ ಆಯ್ಕೆ ಇಲ್ಲದಿದ್ದ ಕಾಲ. ಹೊಸ ಕಾರಿಗೆ ವರ್ಷಗಟ್ಟಲೆ ಕಾಯಬೇಕಿತ್ತು. ಕೆಲವೊಮ್ಮೆ ಓಡಿಸಿದ ಕಾರಿಗೇ ಹೊಸದಕ್ಕಿಂತ ಹೆಚ್ಚು ಬೆಲೆ. ಒಳ್ಳೆಯ ಕಾರನ್ನೂ ಲಾಭಕ್ಕಾಗಿ ಮಾರುವವರಿದ್ದಾಗ, ಮಾರಾಟಕ್ಕೆ ಬಂದದ್ದೆಲ್ಲ ಕೆಟ್ಟದ್ದೆನ್ನಲು ಕಾರಣವಿರಲಿಲ್ಲ. 1983ರಲ್ಲಿ ಮಾರುತಿ 800 ಬಂತು, 1993ರಲ್ಲಿ ಕಾರು ತಯಾರಿಕೆಯ ಲೈಸೆನ್ಸ್ ಪದ್ಧತಿ ಹೋಯಿತು. ಹೊಸ ಕಾರು ಸುಲಭವಾಗಿ ಸಿಗತೊಡಗಿದಂತೆ ಹಳೆಯ ಪ್ರಶ್ನೆಯೂ ಬಂತು: ಇದನ್ನು ಮಾರುತ್ತಿರುವುದೇಕೆ?

ಮೀಟರನ್ನು ಹಿಂದಕ್ಕೆ ತಿರುಗಿಸುವುದನ್ನು ಅಮೆರಿಕದ ಕೇಂದ್ರ ಸರ್ಕಾರ 1972ರಲ್ಲಿ ಕಾನೂನಿನಿಂದ ನಿಷೇಧಿಸಿತು. ಅಕರ್ಲಾಫ್ ಹೇಳಿದ್ದ ಮದ್ದು ಬೇರೆ: ಗ್ಯಾರಂಟಿ ಮತ್ತು ಹೆಸರುಳ್ಳ ಸಂಸ್ಥೆಯ ಭರವಸೆ. 2001ರಲ್ಲಿ ಅವರು ಮೈಕಲ್ ಸ್ಪೆನ್ಸ್ ಹಾಗೂ ಜೋಸೆಫ್ ಸ್ಟಿಗ್ಲಿಟ್ಜ್ ಜೊತೆ ನೊಬೆಲ್ ಪುರಸ್ಕಾರ ಪಡೆದರು. ಕಾಕತಾಳೀಯವೋ ಏನೋ, ತಪಾಸಣೆ ಮಾಡಿದ ಹಳೆಯ ಕಾರುಗಳನ್ನು ಮಾರುವ 'ಟ್ರೂ ವ್ಯಾಲ್ಯೂ' ಮಳಿಗೆಗಳನ್ನು ಮಾರುತಿ ಕಂಪನಿ ಆರಂಭಿಸಿದ್ದೂ ಅದೇ ವರ್ಷ.

ತೀರಾ ಹಳೆಯ ಗಾಡಿಗೆ ಇಂಥ ಭರವಸೆ ಸಿಗುವುದು ಕಷ್ಟ. ಅಲ್ಲಿ ನೆರವಾಗುವವನು ಪರಿಚಯದ ಮೆಕ್ಯಾನಿಕ್. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿದ ಲಕ್ಷ ಕಿಲೋಮೀಟರಿಗಿಂತ ಪೇಟೆಯಲ್ಲಿ ಕ್ಲಚ್ ಒತ್ತಿ ಒತ್ತಿ ಓಡಿದ ಐವತ್ತು ಸಾವಿರ ಗಾಡಿಯನ್ನು ಹೆಚ್ಚು ಸವೆಸಬಹುದೆಂದು ಆತ ಬಲ್ಲ. ಹೀಗಾಗಿ ಮೀಟರಿನ ಅಂಕಿಗಿಂತ ಪೆಡಲಿನ ರಬ್ಬರ್ ಎಷ್ಟು ಸವೆದಿದೆ, ಚಾಲಕನ ಸೀಟು ಎಷ್ಟು ಕುಸಿದಿದೆ ಎಂಬುದನ್ನು ಗಮನಿಸುತ್ತಾನೆ. ನೀಲಿ ಹೊಗೆ ಕಂಡರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ. ಬಿಸಿಯಾದ ಎಂಜಿನ್ ಕೆಲವು ದೋಷಗಳನ್ನು ಮುಚ್ಚಿಡುತ್ತದೆ. ಬೆಳಿಗ್ಗೆ ತಾನು ಬರುವ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ ಎಂದು ಅವನು ಮಾಲೀಕನಿಗೆ ಹಿಂದಿನ ದಿನವೇ ಹೇಳಿ ಕಳಿಸುವುದು ಅದಕ್ಕೇ.