ಟ್ರಂಕಿನೊಳಗಿನ ಉತಾರ ಮತ್ತು ಡೇಟಾಬೇಸ್ ಡ್ರೈವರ್

ಫೆಚ್ ಸೈಜ್, ಕ್ಯಾಶ್ ಅಂದ ಕೂಡಲೇ ಪುಟ ಮುಚ್ಚಬೇಡಿ ಮಾರಾಯ್ರೆ! ಈ ಕ್ಯಾಶ್ ರೊಕ್ಕದ್ದಲ್ಲ. ಪದೇ ಪದೇ ಬೇಕಾಗುವುದನ್ನು ಕೈಗೆ ಸಿಗುವಂತೆ ಇಟ್ಟುಕೊಂಡ ನಕಲು ಅಷ್ಟೆ. ಅದರ ಕತೆ ನಮ್ಮ ಬೈಲಹೊಂಗಲ, ಸವದತ್ತಿ, ರಾಮದುರ್ಗದ ಹೊಲಗಳಲ್ಲೇ ಇದೆ.

ನಮ್ಮ ಕಡೆ ಪಹಣಿಗೆ ಉತಾರ ಅಂತಾರೆ. ಹಿಂದೆ ಅದು ಬೇಕಾದರೆ ತಲಾಟಿಯನ್ನು ಹುಡುಕಿಕೊಂಡು ಹೋಗಬೇಕಿತ್ತು. ಅವರು ಕೈಯಲ್ಲಿ ಬರೆದುಕೊಟ್ಟ ನಕಲು ಮನೆಯ ಟ್ರಂಕಿನಲ್ಲಿ ಭದ್ರ. ಆದರೆ ಅಷ್ಟರಲ್ಲಿ ಹೊಲ ಮಾರಾಟವಾದರೆ? ಟ್ರಂಕಿನ ಹಾಳೆಗೆ ಅದು ತಿಳಿಯುವುದೇ ಇಲ್ಲ!

2001ರ ಹೊತ್ತಿಗೆ 'ಭೂಮಿ' ಯೋಜನೆ ಬಂತು. ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ 177 ತಾಲೂಕುಗಳ, ಸುಮಾರು 67 ಲಕ್ಷ ರೈತರ, 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರ್ ಸೇರಿದವು. ತಾಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿಗೆ ಉತಾರ. ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಎಂದಾಯಿತು. ಅಂದರೆ ಊರೂರಿನ ಹಳೆಯ ಕ್ಯಾಶನ್ನೆಲ್ಲ ಒಮ್ಮೆಗೇ ರದ್ದು ಮಾಡಿದಂತೆ.

ಅದೇ ಕಾಲದಲ್ಲಿ ಡ್ರೈವರುಗಳೂ ಬೆಳೆಯುತ್ತಿದ್ದವು. ಡ್ರೈವರ್ ಅಂದರೆ ಪ್ರೋಗ್ರಾಂ ಮತ್ತು ಡೇಟಾಬೇಸ್ ನಡುವೆ ಓಡಾಡುವ ಆಳು. 1998ರ ಜೆಡಿಬಿಸಿ 2.0ರಲ್ಲಿ, ಒಂದು ಸಲಕ್ಕೆ ಎಷ್ಟು ಸಾಲು ಹೊತ್ತು ತರಬೇಕೆಂದು ಅವನಿಗೆ ಹೇಳುವ ಸೌಲಭ್ಯ ಬಂತು. ಅದೇ ಫೆಚ್ ಸೈಜ್. 1000 ಸಾಲನ್ನು 10ರಂತೆ ತಂದರೆ 100 ಸಲ ಓಡಾಟ. 100ರಂತೆ ತಂದರೆ 10 ಸಲ. ಒರಾಕಲ್‌ನ ಡ್ರೈವರ್ ತಾನಾಗಿ ತರುವುದು 10. ಪೋಸ್ಟ್‌ಗ್ರೆಸ್‌ನದು, ನಾವು ಹೇಳದಿದ್ದರೆ, ಎಲ್ಲವನ್ನೂ ಒಮ್ಮೆಗೇ ತಂದು ಸುರಿಯುತ್ತದೆ. ಒಂದು ಊರಿನ ಪಟ್ಟಿಗಾದರೆ ಸರಿ, ಇಡೀ ತಾಲೂಕಿನದಾದರೆ ಮೆಮೊರಿ ತುಂಬಿ ಪ್ರೋಗ್ರಾಂ ಮಕಾಡೆ!

ವೇಗಕ್ಕಿಂತ ದೊಡ್ಡ ಪ್ರಶ್ನೆ ಬೇರೆಯೇ ಇದೆ. ಹೆಚ್ಚು ಹೊತ್ತು ತಂದು ಇಟ್ಟುಕೊಂಡಷ್ಟೂ ಅದು ಹಳಸುವ ಭಯ ಹೆಚ್ಚು. ಪಹಣಿಯ ಕಾಲಂ 9ರಲ್ಲಿ ಒಡೆಯನ ಹೆಸರು, ಕಾಲಂ 11ರಲ್ಲಿ ಸಾಲ, ಋಣ. ಇವನ್ನು ಕ್ಯಾಶಿನಿಂದ ತೋರಿಸಿದರೆ, ನಿನ್ನೆ ತಾನೇ ಏರಿದ ಸಾಲ ಕಾಣದೆ ಯಾರೋ ಬಡಪಾಯಿ ಆ ಹೊಲ ಕೊಂಡುಬಿಟ್ಟಾನು. ಇವನ್ನು ಪ್ರತಿ ಸಲ ಮೂಲದಿಂದಲೇ ತರಬೇಕು, ತಡವಾದರೂ ಸರಿ.

ಹಾಗಾದರೆ ತಾಲೂಕುಗಳ ಪಟ್ಟಿಯನ್ನಾದರೂ ಕ್ಯಾಶಿನಲ್ಲಿ ಇಡಬಹುದಲ್ಲ, ಅದೇನು ಬದಲಾಗುತ್ತೆ ಅಂತೀರಾ? ಆಗ ಬೈಲಹೊಂಗಲ ತಾಲೂಕಿನಲ್ಲಿದ್ದ ಕಿತ್ತೂರು 2010ರ ದಶಕದಲ್ಲಿ ತಾನೇ ಒಂದು ತಾಲೂಕಾಯಿತು!

ಇಡಿ, ಬೇಡ ಅನ್ನಲ್ಲ. ಆದರೆ ಎಷ್ಟು ಹೊತ್ತಿಗೆ ಎಸೆಯಬೇಕು ಅನ್ನೋದನ್ನೂ ಅದರ ಜೊತೆಗೇ ಬರೆದಿಡಿ. ಏನಂತೀರಿ?